ದಿವಾಳಿಯ ಅಂಚಿನಲ್ಲಿರುವ ಕಂಪನಿಯ ವುಡ್ ಲೇತ್: ಕೊಳ್ಳುವ ಮೊದಲು, ಕೊಂಡ ಮೇಲೆ

ಒಳ್ಳೆಯ ವುಡ್ ಲೇತ್ (ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ), ಆದರೆ ತಯಾರಿಸುವ ಕಂಪನಿ ಸಾಲದಲ್ಲಿ ಮುಳುಗಿದೆ. ಮಾರುಕಟ್ಟೆಗೆ ಇಂಥ ಯಂತ್ರ ಆಗಾಗ ಬರುತ್ತದೆ. ಡೀಲರ್ ಹತ್ತಿರ ಉಳಿದಿರುವ ಸರಕು ಎಂದಿನ ಬೆಲೆಗಿಂತ ಸಾಕಷ್ಟು ಕಡಿಮೆಗೆ ಸಿಗುತ್ತದೆ, ಬಿಡಿಭಾಗ ಕೇಳಿ ಕಂಪನಿಗೆ ಬರೆದರೆ ಮಾತ್ರ ಉತ್ತರವಿಲ್ಲ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ನೆಲದ ಮೇಲೆ ನಿಲ್ಲುವ, 16 ಇಂಚು ಸ್ವಿಂಗ್‌ನ (ಅಂದರೆ ಅಷ್ಟು ವ್ಯಾಸದವರೆಗಿನ ಮರ ತಿರುಗಿಸಬಲ್ಲ), 2 ಎಚ್‌ಪಿ ಮೋಟರಿನ, ವೇಗ ಬದಲಿಸಲು ವಿಎಫ್‌ಡಿ (ಕರೆಂಟಿನ ಆವರ್ತನ ಬದಲಿಸಿ ಮೋಟರಿನ ವೇಗ ನಿಯಂತ್ರಿಸುವ ಪೆಟ್ಟಿಗೆ) ಇರುವ ಲೇತ್. ತಯಾರಕರ ಹೆಸರು ಬೇಡ. ಈ ಅಳತೆಯ ಲೇತ್‌ಗಳನ್ನು ಯಾರೇ ಮಾಡಿದರೂ ಕಟ್ಟುವ ರೀತಿ ಹೆಚ್ಚುಕಡಿಮೆ ಒಂದೇ, ಕೈಕೊಡುವ ಜಾಗಗಳೂ ಅವೇ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಈಗಾಗಲೇ ಬಾಗಿಲು ಹಾಕಿದೆ ಎಂದುಕೊಂಡೇ ಲೆಕ್ಕ ಹಾಕಿ. ವಾರಂಟಿಗೆ ಬೆಲೆ ಸೊನ್ನೆ, ಮುಂದೆ ಬರಲಿದೆ ಎನ್ನುವ ಆಕ್ಸೆಸರಿಗಳಿಗೂ ಸೊನ್ನೆ. ಹಾಗೆ ಲೆಕ್ಕ ಹಾಕಿದ ಮೇಲೂ ಕಬ್ಬಿಣ, ಸ್ಪಿಂಡಲ್ (ಮರವನ್ನು ತಿರುಗಿಸುವ ದಂಡ), ಮೋಟರುಗಳಿಗೆ ಕೇಳುವ ಬೆಲೆ ಸರಿ ಅನ್ನಿಸಿದರೆ ಕೊಳ್ಳಿ. ಸವೆಯುವ, ಸುಡುವ ಭಾಗಗಳೆಲ್ಲ ಬೇರೆ ಅಂಗಡಿಯಲ್ಲೂ ಸಿಗುವಂಥವಾಗಿದ್ದರೆ ಕಂಪನಿ ಹೋದರೂ ಲೇತ್ ಉಳಿಯುತ್ತದೆ. ಇಂಗ್ಲೆಂಡಿನ ಮೈಫೋರ್ಡ್ ಕಂಪನಿ 2011ರಲ್ಲಿ ವ್ಯವಹಾರ ನಿಲ್ಲಿಸಿತು. ಅವರ ಹಳೆಯ ಎಂಎಲ್8 ವುಡ್ ಲೇತ್‌ಗಳು ಇಂದಿಗೂ ಕೆಲಸ ಮಾಡುತ್ತಿವೆ. ಅದರ ಸ್ಪಿಂಡಲ್ ಥ್ರೆಡ್ 1 ಇಂಚು, ಇಂಚಿಗೆ 12 ಸುತ್ತು. ಮರವನ್ನು ಕಚ್ಚಿ ಹಿಡಿಯುವ ಚಕ್ಕನ್ನು ಆ ಥ್ರೆಡ್ಡಿಗೆ ಹೊಂದಿಸುವ ಇನ್ಸರ್ಟನ್ನು ಚಕ್ ತಯಾರಕರು ಈಗಲೂ ಮಾಡುತ್ತಾರೆ.

ಮೊದಲು ಕಬ್ಬಿಣ. ಬೀಡುಕಬ್ಬಿಣದ ಬೆಡ್ (ಎಲ್ಲವನ್ನೂ ಹೊರುವ ಉದ್ದನೆಯ ತಳ), ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ತುದಿ), ಟೇಲ್‌ಸ್ಟಾಕ್ (ಮರದ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ತಾವಾಗಿ ಕೆಡುವ ವಸ್ತುಗಳಲ್ಲ. ಆದರೆ ಕಾರ್ಖಾನೆಯಲ್ಲಿ ಹಣ ಬತ್ತಿದಾಗ ಅದರ ಗುರುತು ಎರಕದ ಮೇಲೂ ಬೀಳುತ್ತದೆ. ಹೊಸದಾಗಿ ಹೊಯ್ದ ಬೆಡ್‌ನ ಒಳಗೆ ಬಿಗಿತ ಉಳಿದಿರುತ್ತದೆ. ಒರಟು ಮಿಲ್ಲಿಂಗ್ ಆದ ಮೇಲೆ ಅದನ್ನು ಕುಲುಮೆಯಲ್ಲಿ ಕಾಯಿಸಿ ನಿಧಾನ ತಣಿಸಬೇಕು, ಇಲ್ಲವೇ ಬಹಳ ದಿನ ಹಾಗೇ ಬಿಡಬೇಕು. ಆಮೇಲೆ ಕೊನೆಯ ಗ್ರೈಂಡಿಂಗ್. ಸರಕು ಬೇಗ ಹೊರಹಾಕಿ ಹಣ ಮಾಡಿಕೊಳ್ಳುವ ಆತುರದಲ್ಲಿ ಈ ಹಂತ ಬಿಟ್ಟರೆ, ಅಂಗಡಿಯಲ್ಲಿ ನೇರವಾಗಿದ್ದ ಬೆಡ್ ತಿಂಗಳುಗಳ ನಂತರ ತಿರುಚಿಕೊಳ್ಳುತ್ತದೆ. ಹಾಗಾಗಿ ಡೀಲರ್ ಬಳಿ ಬಹಳ ಕಾಲ ನಿಂತಿರುವ ಯಂತ್ರವೇ ಒಂದು ಲೆಕ್ಕಕ್ಕೆ ಮೇಲು. ಬದಲಾಗುವುದೆಲ್ಲ ಬದಲಾಗಿ ಮುಗಿದಿರುತ್ತದೆ, ಅಳೆದರೆ ಸತ್ಯ ಗೊತ್ತಾಗುತ್ತದೆ.

ಅಳೆಯುವ ಮುನ್ನ ಕಾಲುಗಳ ಬೋಲ್ಟ್ ಸ್ವಲ್ಪ ಸಡಿಲಿಸಿ. ಏರುತಗ್ಗಿನ ನೆಲದ ಮೇಲೆ ಬಿಗಿದು ನಿಲ್ಲಿಸಿದ ಲೇತ್‌ನಲ್ಲಿ ನೆಲದ ದೋಷವೇ ಬೆಡ್‌ನ ದೋಷವಾಗಿ ಕಾಣುತ್ತದೆ. ಬೆಡ್ ಉದ್ದಕ್ಕೂ ನೇರಪಟ್ಟಿ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳು) ತೂರಿಸಿ. 0.1 ಮಿಮೀ ಎಲೆ ಎಲ್ಲೂ ಸಲೀಸಾಗಿ ಹೋಗದಿದ್ದರೆ ಮರದ ಕೆಲಸಕ್ಕೆ ಬೇಕಾದಷ್ಟಾಯಿತು. ತಿರುಚು ನೋಡಲು ಒಂದೇ ಅಗಲದ ಎರಡು ಪಟ್ಟಿಗಳನ್ನು ಬೆಡ್‌ನ ಎರಡು ತುದಿಗಳಲ್ಲಿ ಅಡ್ಡಲಾಗಿ ನಿಲ್ಲಿಸಿ, ಒಂದರ ಮೇಲಂಚಿನಿಂದ ಇನ್ನೊಂದರ ಮೇಲಂಚನ್ನು ಕಣ್ಣಳತೆಯಲ್ಲಿ ನೋಡಿ. ಬಣ್ಣದ ಕೆಳಗೆ ಮರಳಿನ ಕಣ ಕೈಗೆ ತಾಗಿದರೆ, ಬೋಲ್ಟ್ ಕೂರುವ ಜಾಗದಲ್ಲಿ ಫಿಲ್ಲರ್ ಪೇಸ್ಟ್ ಮೆತ್ತಿದ್ದರೆ ಆ ಯಂತ್ರವನ್ನು ಬಿಟ್ಟು ಪಕ್ಕದ್ದನ್ನು ನೋಡಿ. ಬ್ಯಾಂಜೊ (ಉಳಿ ಊರುವ ಟೂಲ್ ರೆಸ್ಟನ್ನು ಬೆಡ್ ಮೇಲೆ ಹಿಡಿಯುವ ಭಾಗ) ಅಡಿಯ ಕ್ಲ್ಯಾಂಪ್ ಪ್ಲೇಟ್ ತೆಗೆದು ಬೆಡ್‌ನ ಕೆಳಮುಖವನ್ನೂ ಸವರಿ ನೋಡಬೇಕು. ಅಲ್ಲಿ ಮಿಲ್ಲಿಂಗ್ ಮಾಡದೆ ಬಿಟ್ಟಿದ್ದರೆ ಬ್ಯಾಂಜೊ ಎಷ್ಟು ಬಿಗಿದರೂ ಉಳಿಯ ಒತ್ತಡಕ್ಕೆ ಜಾರುತ್ತದೆ.

ಸ್ಪಿಂಡಲ್ ಮೂತಿಯ ಥ್ರೆಡ್ ಯಾವುದೆಂದು ಮಾರುವವರ ಮಾತು ನಂಬದೆ ಥ್ರೆಡ್ ಗೇಜ್ ಹಿಡಿದು ನೋಡಿ. ಎಂ33×3.5 ಮತ್ತು 1¼ ಇಂಚು×8 ಇವೆರಡೂ ಕಣ್ಣಿಗೆ ಹತ್ತಿರ ಹತ್ತಿರವೇ. ಮೊದಲನೆಯದು 33 ಮಿಮೀ ವ್ಯಾಸ, 3.5 ಮಿಮೀ ಪಿಚ್, ಎರಡನೆಯದು 31.75 ಮಿಮೀ ವ್ಯಾಸ, 3.175 ಮಿಮೀ ಪಿಚ್. ಒಂದರ ಚಕ್ ಇನ್ನೊಂದಕ್ಕೆ ಕೂರುವುದಿಲ್ಲ. ಇವೆರಡರಲ್ಲಿ ಯಾವುದಾದರೂ ತೊಂದರೆಯಿಲ್ಲ, ಎರಡಕ್ಕೂ ಚಕ್, ಫೇಸ್‌ಪ್ಲೇಟ್ ಎಲ್ಲೆಲ್ಲೂ ಸಿಗುತ್ತವೆ. ಕಂಪನಿ ತನ್ನದೇ ಅಳತೆಯ ಥ್ರೆಡ್ ಹಾಕಿದ್ದರೆ, ಚಕ್ ಕೂಡ ಅವರ ಹತ್ತಿರವೇ ಕೊಳ್ಳಬೇಕಾದರೆ, ಬೆಲೆ ಎಷ್ಟೇ ಇಳಿದರೂ ಬೇಡ. ಒಳಗಿನ ಟೇಪರ್ (ಕಿರಿದಾಗುತ್ತ ಹೋಗುವ ತೂತು) ಎಂಟಿ2, ಅಂದರೆ ಮೋರ್ಸ್ ಟೇಪರ್ 2ರ ಅಳತೆಯದು ಇರಬೇಕು. ಡಯಲ್ ಗೇಜಿನ ಮುಳ್ಳನ್ನು ಟೇಪರಿನ ಒಳಮೈಗೆ ತಾಗಿಸಿ ಸ್ಪಿಂಡಲನ್ನು ಕೈಯಿಂದ ತಿರುಗಿಸಿದಾಗ 0.02 ಮಿಮೀ ಒಳಗೆ ಆಡಿದರೆ ಒಳ್ಳೆಯದು, 0.05 ದಾಟಿದರೆ ವಾಪಸ್. ಚಕ್ ಒರಗುವ ಭುಜದ ಮುಖವನ್ನೂ ಹಾಗೆಯೇ ನೋಡಿ. ಥ್ರೆಡ್ ಚಕ್ಕನ್ನು ಎಳೆದು ಹಿಡಿಯುತ್ತದೆ ಅಷ್ಟೇ, ನೇರವಾಗಿ ಕೂರಿಸುವುದು ಆ ಭುಜ.

ಟೇಲ್‌ಸ್ಟಾಕ್ ಪರೀಕ್ಷೆ ಎಲ್ಲರಿಗೂ ಗೊತ್ತು, ಎರಡು ಮೊನೆಗಳನ್ನು ಮುಖಾಮುಖಿ ತಂದು ನೋಡುವುದು. ಆದರೆ ಕ್ವಿಲ್ (ಟೇಲ್‌ಸ್ಟಾಕ್‌ನಿಂದ ಹಿಂದೆಮುಂದೆ ಸರಿಯುವ ಕೊಳವೆ) ಒಳಗಿದ್ದಾಗ ಒಮ್ಮೆ, ಪೂರ್ತಿ ಹೊರಬಂದಾಗ ಇನ್ನೊಮ್ಮೆ ನೋಡಬೇಕು. ಎರಡೂ ಸಲ ಟೇಲ್‌ಸ್ಟಾಕ್ ಲಾಕ್ ಬಿಗಿದಿರಬೇಕು. ಟೇಲ್‌ಸ್ಟಾಕ್ ಮೊನೆ ತಗ್ಗಿದ್ದರೆ ಅಡಿಗೆ ಹಿತ್ತಾಳೆ ಶಿಮ್ (ತೆಳು ತಗಡು) ಹಾಕಿ ಸರಿಮಾಡಬಹುದು. ಎತ್ತರವಿದ್ದರೆ ತಳ ಕೆರೆಸಬೇಕಾಗುತ್ತದೆ, ಆ ಕೂಲಿಯನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ಟೂಲ್ ರೆಸ್ಟ್‌ನ ಕಂಬ 1 ಇಂಚು ಅಥವಾ 25 ಮಿಮೀ ಇದ್ದರೆ ಬೇರೆ ಕಂಪನಿಯ ರೆಸ್ಟ್‌ಗಳೂ ನಡೆಯುತ್ತವೆ. 25 ಮಿಮೀ ತೂತಿಗೆ 25.4 ಮಿಮೀ ಕಂಬ ಹೋಗದು, ಅಷ್ಟು ನೆನಪಿರಲಿ.

ಇನ್ನು ಮೋಟರು ಮತ್ತು ಕಂಟ್ರೋಲ್. ಕಂಪನಿ ಮುಳುಗಿದಾಗ ಲೇತನ್ನೂ ಜೊತೆಗೆ ಮುಳುಗಿಸುವುದು ಈ ಭಾಗವೇ. ಇವತ್ತಿನ ವುಡ್ ಲೇತ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಮೊದಲನೆಯದು ಸಾಮಾನ್ಯ ತ್ರೀ ಫೇಸ್ ಇಂಡಕ್ಷನ್ ಮೋಟರಿಗೆ ಮಾಮೂಲಿ ವಿಎಫ್‌ಡಿ. ಎರಡನೆಯದು ಬ್ರಷ್ ಇರುವ ಡಿಸಿ ಮೋಟರು, ಜೊತೆಗೆ ಒಂದು ಸಣ್ಣ ವೇಗ ನಿಯಂತ್ರಣ ಬೋರ್ಡು. ಇವೆರಡಕ್ಕೂ ಬದಲಿ ಸಿಗುತ್ತದೆ. ಮೂರನೆಯದು ಸ್ವಿಚ್ಡ್ ರಿಲಕ್ಟೆನ್ಸ್ ಅಥವಾ ಅದರಂಥ ವಿಶೇಷ ಮೋಟರು. ಇದು ಕೆಳವೇಗದಲ್ಲೂ ಬಲ ಬಿಡದೆ ತಿರುಗುತ್ತದೆ, ಬೆಲ್ಟ್ ಇಲ್ಲದೆ ನೇರ ಸ್ಪಿಂಡಲ್ ಮೇಲೆಯೇ ಕೂರಿಸಬಹುದು, ಕೆಲಸಕ್ಕೆ ನಿಜಕ್ಕೂ ಸೊಗಸು. ಆದರೆ ರೋಟರ್ ಯಾವ ಕೋನದಲ್ಲಿದೆ ಎಂದು ಸೆನ್ಸರ್ ಹೇಳಿದ ಹಾಗೆ ಒಂದೊಂದೇ ಕಾಯಿಲಿಗೆ ಕರೆಂಟ್ ಕೊಡುವುದು ಅದರದೇ ಬೋರ್ಡು. ಆ ಬೋರ್ಡ್ ಸುಟ್ಟರೆ ಪೇಟೆಯ ಯಾವ ಮಾಮೂಲಿ ವಿಎಫ್‌ಡಿಯೂ ಆ ಮೋಟರನ್ನು ಓಡಿಸದು. ಗಟ್ಟಿ ಕಂಪನಿಯಿಂದ ಇಂಥ ಲೇತ್ ಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಮುಳುಗುತ್ತಿರುವ ಕಂಪನಿಯಿಂದ ಕೊಳ್ಳುವುದಾದರೆ ಒಂದು ಬದಲಿ ಬೋರ್ಡ್ ಅದೇ ದಿನ ಕೈಗೆ ಬರಬೇಕು. ಇಲ್ಲವಾದರೆ ಬೇಡ.

ಇಂಡಕ್ಷನ್ ಮೋಟರ್ ಇದ್ದರೆ ಅದರ ಪ್ಲೇಟ್ ಓದಿ. 2 ಎಚ್‌ಪಿ ಅಂದರೆ 1.5 ಕಿಲೋವ್ಯಾಟ್. ನಾಲ್ಕು ಪೋಲ್‌ನ ಮಾಮೂಲಿ ಐಇಸಿ ಮೋಟರಾದರೆ ಫ್ರೇಮ್ 90ಎಲ್, ಶಾಫ್ಟ್ 24 ಮಿಮೀ, 50 ಹರ್ಟ್ಸ್‌ನಲ್ಲಿ ಸುಮಾರು 1440 ಆರ್‌ಪಿಎಂ. ಪ್ಲೇಟಿನಲ್ಲಿ ಇಷ್ಟು ಕಂಡರೆ ನಿಶ್ಚಿಂತೆ, ಸುಟ್ಟರೂ ಅದೇ ಫ್ರೇಮಿನ ಬೇರೆ ಮೋಟರು ಬಂದು ಕೂರುತ್ತದೆ. ಶಾಫ್ಟ್ ಉದ್ದ ಅಥವಾ ಫ್ಲೇಂಜ್ ಬೇರೆಯಾಗಿದ್ದರೂ ರಿವೈಂಡಿಂಗ್ ಮಾಡಿಸಬಹುದು. ಪ್ಲೇಟೇ ಇಲ್ಲದ ಮೋಟರು, ಕ್ಯಾಟಲಾಗಿನಲ್ಲಿ ಒಂದು ಆಂಪಿಯರ್, ಪ್ಲೇಟಿನಲ್ಲಿ ಇನ್ನೊಂದು ಆಂಪಿಯರ್ ಇರುವ ಮೋಟರು, ಇವು ಕಾರ್ಖಾನೆಯವರು ಸಿಕ್ಕಿದ್ದನ್ನು ಜೋಡಿಸಿದ ಲಕ್ಷಣ.

ವಿಎಫ್‌ಡಿ ಬೇರೆ ಪೆಟ್ಟಿಗೆಯಾಗಿ, ತನ್ನದೇ ಬ್ರ್ಯಾಂಡಿನ ಹೆಸರಿನಲ್ಲಿ, ಸ್ಕ್ರೂ ಟರ್ಮಿನಲ್‌ಗಳೊಂದಿಗೆ ಇದ್ದರೆ ಸರಿ. ಲೇತ್ ಕಂಪನಿಯೇ ಮಾಡಿಸಿದ ಪ್ಯಾನಲ್, ಒತ್ತುವ ಮೆಂಬ್ರೇನ್ ಗುಂಡಿಗಳು, ನಡುವೆ ಬಹು ಪಿನ್ನಿನ ಚಪ್ಪಟೆ ಕೇಬಲ್ ಇದ್ದರೆ ಮೊದಲು ಸಾಯುವುದು ಆ ಗುಂಡಿಗಳು, ಮತ್ತು ಬದಲಿ ಎಲ್ಲೂ ಸಿಗದು. ಆದರೂ ಮೋಟರು ಮಾಮೂಲಿ ಇಂಡಕ್ಷನ್ ಆಗಿದ್ದರೆ ದಾರಿಯಿದೆ, ಇಡೀ ಕಂಟ್ರೋಲ್ ಕಿತ್ತು ಪೇಟೆಯ ವಿಎಫ್‌ಡಿ ಹಾಕಬಹುದು.

230 ವೋಲ್ಟ್ ಸಿಂಗಲ್ ಫೇಸ್ ಕರೆಂಟ್ ಇರುವ ಕಡೆ ಈ ಬದಲಾವಣೆ ಹೀಗೆ. ಮೋಟರ್ ಪ್ಲೇಟಿನಲ್ಲಿ 230/400 ಎಂದಿದ್ದರೆ ಅದರ ಪೆಟ್ಟಿಗೆಯೊಳಗಿನ ಪಟ್ಟಿಗಳನ್ನು ಡೆಲ್ಟಾಕ್ಕೆ ಹಾಕಬೇಕು. ಸಿಂಗಲ್ ಫೇಸ್ ಒಳಗೆ, 230 ವೋಲ್ಟ್ ತ್ರೀ ಫೇಸ್ ಹೊರಗೆ ಕೊಡುವ 1.5 ಕಿಲೋವ್ಯಾಟಿನ ವಿಎಫ್‌ಡಿ ಸಾಕು. ಅದರ ಔಟ್‌ಪುಟ್ ಆಂಪಿಯರ್ ಮೋಟರ್ ಪ್ಲೇಟಿನ ಆಂಪಿಯರಿಗಿಂತ ಮೇಲಿರಬೇಕು. ವೇಗದ ಗುಂಡಿಗೆ 10 ಕಿಲೋಓಮ್ ಪೊಟೆನ್ಶಿಯೋಮೀಟರ್. ಅದರ ಎರಡು ತುದಿಗಳು 10 ವೋಲ್ಟ್ ಮತ್ತು ಕಾಮನ್‌ಗೆ, ನಡುವಿನ ಕಾಲು ಅನಲಾಗ್ ಇನ್‌ಪುಟ್‌ಗೆ. ಪ್ಯಾರಾಮೀಟರ್‌ಗಳಲ್ಲಿ ಮೋಟರಿನ ವೋಲ್ಟ್, ಆಂಪಿಯರ್, ಹರ್ಟ್ಸ್, ಆರ್‌ಪಿಎಂ ನಾಲ್ಕನ್ನೂ ಪ್ಲೇಟ್ ನೋಡಿ ತುಂಬಿ. ವೇಗ ಏರಲು 4 ಸೆಕೆಂಡ್, ಇಳಿಯಲು 5 ಸೆಕೆಂಡ್ ಇಟ್ಟು ಶುರುಮಾಡಿ. ಭಾರದ ಬಟ್ಟಲು ಕಟ್ಟಿದಾಗ ನಿಲ್ಲಿಸುವ ಹೊತ್ತಿಗೆ ಓವರ್‌ವೋಲ್ಟೇಜ್ ಎಂದು ಟ್ರಿಪ್ ಆದರೆ ಇಳಿಯುವ ಸಮಯ ಹೆಚ್ಚಿಸಿ, ಇಲ್ಲವೇ ಬ್ರೇಕ್ ರೆಸಿಸ್ಟರ್ ಹಾಕಿ. ತಿರುಗುವ ಮರದ ಶಕ್ತಿ ಮೋಟರಿನ ಮೂಲಕ ವಿಎಫ್‌ಡಿಗೆ ವಾಪಸ್ ಹರಿಯುವುದರಿಂದ ಹಾಗಾಗುತ್ತದೆ. ಆನ್ ಆಫ್ ಸ್ವಿಚ್ಚನ್ನು ವಿಎಫ್‌ಡಿ ಮತ್ತು ಮೋಟರಿನ ನಡುವಿನ ತಂತಿಗೆ ಹಾಕಲೇಬಾರದು. ಓಡುತ್ತಿರುವಾಗ ಆ ತಂತಿ ಕಡಿದರೆ ವಿಎಫ್‌ಡಿಯ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಹೋಗಬಹುದು. ಸ್ವಿಚ್ ಹೋಗಬೇಕಾದ್ದು ರನ್ ಟರ್ಮಿನಲ್‌ಗೆ. ಮೇನ್ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ಉಳಿದಿರುತ್ತದೆ. 10 ನಿಮಿಷ ಕಾದು, ಮೀಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಿ. ಈ ಕೆಲಸದ ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಬೇಕು.

ವಿಎಫ್‌ಡಿಗಳನ್ನು ಬಹಳ ಸಲ ಕೊಲ್ಲುವುದು ಮರದ ಹೊಟ್ಟು. ಸ್ಯಾಂಡಿಂಗ್ ಮಾಡಿದ ಸಣ್ಣ ಪುಡಿ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ, ಫ್ಯಾನ್ ತಿರುಗುತ್ತಿದ್ದರೂ ಗಾಳಿ ಆಡುವುದಿಲ್ಲ. ಹೆಡ್‌ಸ್ಟಾಕ್ ಕೆಳಗೇ, ಹೊಟ್ಟು ಬೀಳುವ ಜಾಗದಲ್ಲೇ ವಿಎಫ್‌ಡಿ ಕೂರಿಸಿದ ಲೇತ್‌ಗಳಲ್ಲಿ ಅದನ್ನು ಬಿಚ್ಚಿ ಹಿಂದಿನ ಗೋಡೆಗೆ ಸಾಗಿಸಿ, ಫಿಲ್ಟರ್ ಇರುವ ಪೆಟ್ಟಿಗೆಯಲ್ಲಿ ಹಾಕುವುದು ಮೊದಲ ವಾರವೇ ಮಾಡಬೇಕಾದ ಕೆಲಸ. ಮೋಟರಿನವರೆಗೆ ಶೀಲ್ಡ್ ಇರುವ ಕೇಬಲ್ ಎಳೆಯಿರಿ.

ಪುಲಿ ಬಗ್ಗೆ ಒಂದು ಮಾತು. ವಿಎಫ್‌ಡಿ ಇದೆ ಎಂದು ಒಂದೇ ಪುಲಿ ಇಟ್ಟು ಖರ್ಚು ಉಳಿಸಿದ ಲೇತ್ ನನಗೆ ಹಿಡಿಸುವುದಿಲ್ಲ. ವ್ಯಾಸದ ಇಂಚನ್ನು ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದ ಒಳಗಿರಬೇಕೆಂಬುದು ಮರ ಕಡೆಯುವವರ ರೂಢಿಯ ಲೆಕ್ಕ. 15 ಇಂಚಿನ ಬಟ್ಟಲಿಗೆ ಅದು 400ರಿಂದ 600. ಸಮತೂಕವಿಲ್ಲದ ಹಸಿಮರದ ತುಂಡಾದರೆ ಇನ್ನೂ ಕೆಳಗೆ ಶುರುಮಾಡಬೇಕು. ವಿಎಫ್‌ಡಿಯಿಂದಲೇ ಅಲ್ಲಿಗಿಳಿದರೆ ಮೋಟರು ತನ್ನ ಎಚ್‌ಪಿಯ ಸ್ವಲ್ಪ ಪಾಲನ್ನಷ್ಟೇ ಕೊಡುತ್ತದೆ, ಅದರ ಫ್ಯಾನೂ ನಿಧಾನ ತಿರುಗುವುದರಿಂದ ಮೋಟರು ಬಿಸಿಯಾಗುತ್ತದೆ. ಎರಡು ಮೂರು ಮೆಟ್ಟಿಲಿನ ಪುಲಿ ಇದ್ದರೆ ಬೆಲ್ಟ್ ಕೆಳಗಿಳಿಸಿ ಪೂರ್ತಿ ಬಲ ಪಡೆಯಬಹುದು.

ಬೆಲ್ಟ್ ಬಹುತೇಕ ಪಾಲಿ ವಿ, ಪಿಜೆ ವಿಭಾಗದ್ದು, ಏಣಿನಿಂದ ಏಣಿಗೆ 2.34 ಮಿಮೀ. ಅದರ ಬೆನ್ನಿನ ಮೇಲಿನ ಸಂಖ್ಯೆ ಅಳಿಸಿಹೋಗುವ ಮೊದಲು ಬರೆದಿಟ್ಟುಕೊಳ್ಳಿ. ಬೆಲ್ಟ್ ಬದಲಿಸಲು ಎಷ್ಟೋ ಲೇತ್‌ಗಳಲ್ಲಿ ಸ್ಪಿಂಡಲ್ಲನ್ನೇ ಹೊರತೆಗೆಯಬೇಕಾಗುವುದರಿಂದ ಬೇರಿಂಗುಗಳನ್ನೂ ಅದೇ ಕೈಯಲ್ಲಿ ಬದಲಿಸುವುದು ಜಾಣತನ. ಬೇರಿಂಗ್ ಸಂಖ್ಯೆ 6206 ಎಂದಿದ್ದರೆ 30×62×16 ಮಿಮೀ, 6207 ಎಂದಿದ್ದರೆ 35×72×17. ಎರಡೂ ಎಲ್ಲ ಬೇರಿಂಗ್ ಅಂಗಡಿಯಲ್ಲೂ ಇರುತ್ತವೆ. ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ, ಹೊಟ್ಟು ಒಳಗೆ ಹೋಗದು.

ಸ್ಪಿಂಡಲ್ ತೆಗೆಯುವಾಗ ಹಿಂದಿನ ರಿಂಗ್ ನಟ್‌ನ ಗ್ರಬ್ ಸ್ಕ್ರೂ (ತಲೆಯಿಲ್ಲದ ಚಿಕ್ಕ ಸ್ಕ್ರೂ) ಸಡಿಲಿಸಿ ನಟ್ ಬಿಚ್ಚಬೇಕು, ಆಮೇಲೆ ಪುಲಿಯ ಗ್ರಬ್ ಸ್ಕ್ರೂ. ಇಲ್ಲೊಂದು ಸೂಕ್ಷ್ಮವಿದೆ. ಪುಲಿಯ ಒಂದೇ ತೂತಿನಲ್ಲಿ ಒಂದರ ಮೇಲೊಂದು ಎರಡು ಗ್ರಬ್ ಸ್ಕ್ರೂ ಇರಬಹುದು; ಮೇಲಿನದು ಕೆಳಗಿನದು ಸಡಿಲವಾಗದಂತೆ ತಡೆಯಲು. ಒಂದು ತೆಗೆದು ಮುಗಿಯಿತೆಂದು ಸುತ್ತಿಗೆ ಹಿಡಿದರೆ ಸ್ಪಿಂಡಲ್ ಮೈಮೇಲೆ ಉದ್ದ ಗೀರು ಬಿದ್ದು, ಪುಲಿ ಮತ್ತೆಂದೂ ನೇರ ಕೂರುವುದಿಲ್ಲ. ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಸ್ಪಿಂಡಲ್ ಯಾವ ಕಡೆಗೆ ಬರುತ್ತದೆಂಬುದನ್ನು ಪಾರ್ಟ್ಸ್ ಚಿತ್ರದಲ್ಲಿ ಖಚಿತ ಮಾಡಿಕೊಂಡು, ಅದರ ನಡುವಿನ ತೂತಿಗೆ ಎಂ12 ಥ್ರೆಡ್ ರಾಡ್ ತೂರಿಸಿ, ಒಂದು ಪೈಪ್ ತುಂಡು ಮತ್ತು ದಪ್ಪ ವಾಷರ್ ಇಟ್ಟು ನಟ್ ತಿರುಗಿಸುತ್ತ ಎಳೆಯಿರಿ. ಸುತ್ತಿಗೆಯ ಪೆಟ್ಟು ಬೇರಿಂಗಿನ ಗುಂಡುಗಳ ಮೂಲಕ ಹಾದು ಓಟದ ದಾರಿಯಲ್ಲಿ ಕುಳಿ ಬೀಳಿಸುತ್ತದೆ. ಜೋಡಿಸಿದ ಮೇಲೆ ಸ್ಪಿಂಡಲ್ ಹಿಂದೆಮುಂದೆ ಆಡದಷ್ಟು ಮಾತ್ರ ರಿಂಗ್ ನಟ್ ಬಿಗಿದು 15 ನಿಮಿಷ ಓಡಿಸಿ. ಹೆಡ್‌ಸ್ಟಾಕ್ ಬೆಚ್ಚಗಿದ್ದರೆ ಸರಿ. ಕೈಯಿಡಲಾಗದಷ್ಟು ಬಿಸಿಯಾದರೆ ಬಿಗಿ ಹೆಚ್ಚಾಯಿತೆಂದು ಅರ್ಥ.

ಹಣ ಕೊಡುವ ಬಗೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಇಂಥ ಕಂಪನಿಗೆ ನೇರವಾಗಿ ಮುಂಗಡ ಕೊಟ್ಟು ಯಂತ್ರಕ್ಕೆ ಕಾಯುವುದು ಅತಿ ಕೆಟ್ಟ ದಾರಿ. ನೀವು ಕೊಟ್ಟ ಹಣ ನಿಮ್ಮ ಲೇತ್‌ಗೆ ಹೋಗದೆ ಹಿಂದಿನವರ ಆರ್ಡರ್ ಮುಗಿಸಲು, ಸಂಬಳ ಕೊಡಲು ಹೋಗುತ್ತದೆ. ಕಂಪನಿ ದಿವಾಳಿಯಾದರೆ ಬ್ಯಾಂಕಿನಂಥ ಭದ್ರತೆ ಹಿಡಿದ ಸಾಲಿಗರು ಮುಂದೆ, ಮುಂಗಡ ಕೊಟ್ಟವರು ಸಾಮಾನ್ಯವಾಗಿ ಭದ್ರತೆಯಿಲ್ಲದ ಸಾಲಿಗರ ಸಾಲಿನಲ್ಲಿ ಹಿಂದೆ. ಅವರಿಗೆ ಸಿಗುವುದು ಚೂರುಪಾರು, ಎಷ್ಟೋ ಸಲ ಏನೂ ಇಲ್ಲ. ಆದ್ದರಿಂದ ಡೀಲರ್ ಅಂಗಡಿಯಲ್ಲಿ ಕಣ್ಣೆದುರಿಗಿರುವ ಯಂತ್ರವನ್ನೇ ಕೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಹಣ ಕೊಟ್ಟ ದಿನವೇ ಸಾಗಿಸಿ. ಮುಂಗಡ ಕೊಡಲೇಬೇಕಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ, ಸರಕು ಬಾರದಿದ್ದರೆ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುವ ದಾರಿಯಾದರೂ ಇರುತ್ತದೆ. ಕಂಪನಿ ಕೊಡುವ ಹೆಚ್ಚುವರಿ ವಾರಂಟಿಗೆ ಪೈಸೆಯೂ ಬೇಡ. ಡೀಲರ್ ತನ್ನ ಲೆಟರ್‌ಹೆಡ್‌ನಲ್ಲಿ, ತನ್ನ ಹೊಣೆ ಎಂದು ಬರೆದುಕೊಡುವ ವಾರಂಟಿ ಬೇರೆ, ಅದಕ್ಕೆ ತೂಕವಿದೆ.

ರಿಯಾಯಿತಿ ಎಷ್ಟಿರಬೇಕು? ಹೊಸ ವಿಎಫ್‌ಡಿ, ಹೊಸ ಮೋಟರು, ಎರಡನ್ನೂ ಕೂರಿಸುವ ಕೂಲಿ, ಇಷ್ಟನ್ನು ಕೂಡಿ. ಗಟ್ಟಿ ಕಂಪನಿಯ ಸರಿಸಮನಾದ ಲೇತ್‌ನ ಬೆಲೆಯಿಂದ ಆ ಮೊತ್ತ ಕಳೆದರೆ ಉಳಿಯುವುದೇ ನ್ಯಾಯವಾದ ಬೆಲೆ. ಅದಕ್ಕಿಂತ ಹೆಚ್ಚು ಕೇಳಿದರೆ ಕಂಪನಿಯ ಕಷ್ಟದ ಪಾಲು ನಿಮ್ಮ ತಲೆಗೆ ಬಂತು.

ಕಂಪನಿಯ ಫೋನ್ ಇನ್ನೂ ರಿಂಗಾಗುತ್ತಿರುವಾಗಲೇ ತರಿಸಿಕೊಳ್ಳಬೇಕಾದವು ಕೆಲವಿವೆ. ಕಂಟ್ರೋಲ್ ಪ್ಯಾನಲ್, ಇಂಡೆಕ್ಸ್ ಪಿನ್ (ಸ್ಪಿಂಡಲನ್ನು ಬೇಕಾದ ಕೋನದಲ್ಲಿ ತಡೆದು ನಿಲ್ಲಿಸುವ ಪಿನ್), ಬ್ಯಾಂಜೊ ಮತ್ತು ಟೇಲ್‌ಸ್ಟಾಕ್‌ನ ಕ್ಯಾಮ್ ಶಾಫ್ಟ್‌ಗಳು, ಕ್ವಿಲ್ ಸ್ಕ್ರೂ ಮತ್ತು ಅದರ ಹಿತ್ತಾಳೆ ನಟ್. ಈ ಸ್ಕ್ರೂ ಎಷ್ಟೋ ಲೇತ್‌ಗಳಲ್ಲಿ ಎಡಗೈ ಥ್ರೆಡ್, ಸಿದ್ಧವಾಗಿ ಸಿಗುವುದು ಕಷ್ಟ. ಬೇರಿಂಗ್, ಬೆಲ್ಟ್, ಬೋಲ್ಟ್‌ಗಳಿಗೆ ಅವರ ಮುಂದೆ ನಿಲ್ಲಬೇಕಿಲ್ಲ. ಕಾಗದಗಳನ್ನು ಮರೆಯಬೇಡಿ. ಪಾರ್ಟ್ಸ್ ಚಿತ್ರ, ವೈರಿಂಗ್ ಚಿತ್ರ, ವಿಎಫ್‌ಡಿಯ ಪ್ಯಾರಾಮೀಟರ್ ಪಟ್ಟಿ ಇವನ್ನು ಇಳಿಸಿಕೊಂಡು ಮುದ್ರಿಸಿ ಇಡಿ. ಕಂಪನಿಯ ಬಾಗಿಲಿಗಿಂತ ಮೊದಲೇ ಅದರ ವೆಬ್‌ಸೈಟ್ ಮುಚ್ಚಬಹುದು. ವಿಎಫ್‌ಡಿ ಓಡುತ್ತಿರುವಾಗಲೇ ಅದರ ಪ್ಯಾರಾಮೀಟರ್‌ಗಳನ್ನು ಒಂದೊಂದಾಗಿ ಪರದೆಯಲ್ಲಿ ತಂದು ಫೋಟೊ ತೆಗೆದುಕೊಳ್ಳಿ, ಸತ್ತ ಮೇಲೆ ಅದು ಏನನ್ನೂ ತೋರಿಸುವುದಿಲ್ಲ. ಬದಲಿಗೆಂದು ತಂದಿಟ್ಟ ವಿಎಫ್‌ಡಿಯನ್ನು ವರ್ಷಗಟ್ಟಲೆ ಕಪಾಟಿನಲ್ಲಿ ಮರೆತರೂ ಹಾಳೇ. ಕರೆಂಟ್ ಕಾಣದ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳ ಒಳಪದರ ಸವಕಳಿಯಾಗಿ, ಒಮ್ಮೆಲೇ ಪೂರ್ತಿ ವೋಲ್ಟ್ ಕೊಟ್ಟಾಗ ಸಿಡಿಯಬಹುದು. ವರ್ಷಕ್ಕೊಮ್ಮೆ ಒಂದೆರಡು ಗಂಟೆ ಮೋಟರಿಲ್ಲದೆ ಕರೆಂಟ್ ಕೊಟ್ಟು ಇಡಬೇಕು.

ಕಂಪನಿ ಮುಳುಗಿದ ಮೇಲೆ ಅದರ ಹೆಸರು, ಎರಕದ ಅಚ್ಚುಗಳನ್ನು ಬೇರೊಬ್ಬರು ಕೊಳ್ಳುವುದುಂಟು. ಅದೇ ಬಣ್ಣ, ಅದೇ ಲಾಂಛನದಲ್ಲಿ ಲೇತ್ ಮತ್ತೆ ಬರುತ್ತದೆ. ಹಳೆಯ ವಾರಂಟಿಗೆ ಹೊಸ ಮಾಲೀಕರು ಸಾಮಾನ್ಯವಾಗಿ ಹೊಣೆಯಾಗುವುದಿಲ್ಲ, ಮತ್ತು ಹೊರಗಿನಿಂದ ಒಂದೇ ಥರ ಕಂಡರೂ ಒಳಗೆ ಕ್ವಿಲ್ ವ್ಯಾಸ, ಬೆಲ್ಟ್ ಉದ್ದ, ಸ್ಪಿಂಡಲ್ ಥ್ರೆಡ್ ಬದಲಾಗಿರಬಹುದು. ಅವರಿಂದ ಬಿಡಿಭಾಗ ತರಿಸುವಾಗ ಮಾಡೆಲ್ ಹೆಸರಷ್ಟೇ ಹೇಳಿದರೆ ಸಾಲದು. ಸೀರಿಯಲ್ ನಂಬರ್ ಕೊಡಿ, ಹಳೆಯ ಭಾಗವನ್ನು ವರ್ನಿಯರ್‌ನಲ್ಲಿ ಅಳೆದು ಚಿತ್ರ ಕಳಿಸಿ, ಅವರು ಅಳತೆ ಒಪ್ಪಿ ಉತ್ತರ ಬರೆದ ಮೇಲೆಯೇ ಹಣ ಕಳಿಸಿ.